ಬೇವಿನ ಮರದ ಬುಡದಲ್ಲಿ ದೊರೆತ ನೀಲಿ ಮಾತ್ರೆಗಳು

ಶುಶ್ರೂಷಾ ಪದವಿಯ ವಿದ್ಯಾರ್ಥಿನಿಯರಾದ ನಾವು ನಾಲ್ವರು ತರಬೇತಿಯ ಅಂಗವಾಗಿ ಆರು ವಾರಗಳ ಕಾಲ ಹಳ್ಳಿಯ ಪ್ರೌಢಶಾಲೆಯೊಂದರ ಆರೋಗ್ಯ ಕೊಠಡಿಯಲ್ಲಿ ಸೇವೆ ಸಲ್ಲಿಸಿದೆವು. ಒಂದು ಮಂಚ, ತೂಕದ ಯಂತ್ರ, ದೃಷ್ಟಿ ಪರೀಕ್ಷೆಯ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವಿಷ್ಟೇ ಅಲ್ಲಿದ್ದ ಸಲಕರಣೆಗಳು. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದರಂತೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಹಂಚುವ ಹೊಣೆಯೂ ನಮಗೆ ಬಂದಿತು. ನಮ್ಮ ಅನುಕೂಲಕ್ಕಾಗಿ ಬೆಳಗಿನ ಪ್ರಾರ್ಥನೆಯ ನಂತರವೇ ಹಂಚಿ, ದಾಖಲೆ ಪುಸ್ತಕದಲ್ಲಿ ಗುರುತು ಹಾಕಿ ಕೈತೊಳೆದುಕೊಂಡೆವು.

ಎರಡನೆಯ ವಾರ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಪ್ರಾರ್ಥನೆಯ ಸಾಲಿನಲ್ಲಿಯೇ ಕುಸಿದಳು. ಅವಳ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ಅವಳ ವಯಸ್ಸಿಗೆ ಕನಿಷ್ಠ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 8.4ಕ್ಕೆ ಇಳಿದಿತ್ತು. ಮಾತ್ರೆಯ ವಿಷಯ ಕೇಳಿದಾಗ ತಲೆತಗ್ಗಿಸಿ, "ನುಂಗಿಲ್ರಿ ಅಕ್ಕಾರ, ಚೆಲ್ಲೀನಿ" ಎಂದಳು. ಶಾಲೆಯ ಹಿಂದಿನ ಬೇವಿನ ಮರದ ಬುಡದಲ್ಲಿ ಹತ್ತಾರು ಮಾತ್ರೆಗಳು ಬಿದ್ದಿದ್ದವು. ಖಾಲಿ ಹೊಟ್ಟೆಯಲ್ಲಿ ನುಂಗಿದ ಗೆಳತಿಗೆ ವಾಂತಿಯಾಗಿತ್ತಂತೆ. ಮತ್ತೊಬ್ಬಳಿಗೆ ಮಲ ಕಪ್ಪಾಗಿತ್ತಂತೆ. ಕರುಳು ಸುಟ್ಟಿತೆಂಬ ಭಯ ತರಗತಿಯನ್ನೆಲ್ಲ ಆವರಿಸಿತ್ತು.

ತಪ್ಪು ಮಕ್ಕಳದಲ್ಲ, ನಮ್ಮದು. ಮಾತ್ರೆ ಕೊಟ್ಟಿದ್ದೆವು, ತಿಳಿವಳಿಕೆ ಕೊಟ್ಟಿರಲಿಲ್ಲ.

ಮುಂದಿನ ವಾರದಿಂದ ಮಧ್ಯಾಹ್ನದ ಬಿಸಿಯೂಟದ ನಂತರ ಹಂಚಿದೆವು. ಕಬ್ಬಿಣಾಂಶದಿಂದ ಮಲ ಕಪ್ಪಾಗುವುದು ಸಹಜ, ಅದರಿಂದ ಅಪಾಯವಿಲ್ಲವೆಂದು ವಿವರಿಸಿದೆವು. ಗುರುಮಾತೆಯವರು ಮಕ್ಕಳೆದುರು ತಾವೇ ಮೊದಲು ಒಂದು ಮಾತ್ರೆ ನುಂಗಿದರು. ನಮ್ಮ ಹತ್ತು ಮಾತು ಮಾಡದ ಕೆಲಸವನ್ನು ಅದು ಮಾಡಿತು.

ವಾರದ ಮಾತ್ರೆ ರಕ್ತಹೀನತೆಯನ್ನು ತಡೆಯಲು ಇರುವುದು. ಈಗಾಗಲೇ ರಕ್ತ ಕಡಿಮೆಯಾದವರಿಗೆ ವೈದ್ಯರ ಸಲಹೆಯಂತೆ ಪ್ರತಿದಿನದ ಚಿಕಿತ್ಸೆ ಬೇಕು. ಆದ್ದರಿಂದ ಆ ಬಾಲಕಿಯನ್ನು ತಾಯಿಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ನಾವು ಶಾಲೆಯಿಂದ ಬೀಳ್ಕೊಳ್ಳುವ ವಾರದಲ್ಲಿ ಅವಳ ಹಿಮೋಗ್ಲೋಬಿನ್ 9.6ಕ್ಕೆ ಏರಿತ್ತು. ಇನ್ನೂ ದೂರ ಸಾಗಬೇಕು, ಆದರೆ ದಾರಿ ಸಿಕ್ಕಿತ್ತು.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ: ಮಕ್ಕಳನ್ನು ಬರಿಯ ಚಹಾ ಕುಡಿಸಿ ಶಾಲೆಗೆ ಕಳಿಸಬೇಡಿ. ಊಟದ ಜೊತೆಗೇ ಚಹಾ ಕುಡಿದರೆ ಅನ್ನಾಹಾರದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತದು. ಸೊಪ್ಪಿನ ಪಲ್ಯ, ಕಾಳುಗಳ ಜೊತೆ ನಿಂಬೆರಸವಿದ್ದರೆ ಹೆಚ್ಚು ಹತ್ತುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಂದು ಮಕ್ಕಳು ಶಾಲೆ ತಪ್ಪಿಸದಿರಲಿ.

ಸಂಜೆ ಮಗಳು ಮನೆಗೆ ಬಂದಾಗ "ಮಾತ್ರೆ ಕೊಟ್ಟರೇ?" ಎಂದಷ್ಟೇ ಕೇಳಬೇಡಿ, "ನುಂಗಿದೆಯಾ, ಹೇಗನಿಸಿತು?" ಎಂದು ಕೇಳಿರಿ. ನಾವು ಕೇಳದೆ ಉಳಿಸಿದ್ದ ಪ್ರಶ್ನೆ ಅದೇ ಆಗಿತ್ತು.