ಅತ್ತೋ ಅಂಗಡಿಯ ಬೀದಿಯಲ್ಲಿ ಮನೆ ಮಾರಾಟಕ್ಕಿದೆ

ಚೆನ್ನೈ ಎಂದರೆ ಇಡ್ಲಿ, ಪೊಂಗಲ್, ಫಿಲ್ಟರ್ ಕಾಫಿ ಎಂದುಕೊಂಡು ಇಲ್ಲಿಗೆ ಬರುವ ಕನ್ನಡಿಗರು ಸಂಜೆ ಹೊತ್ತು ಒಮ್ಮೆ ಉತ್ತರ ಚೆನ್ನೈಯ ಬೀದಿಗಳಲ್ಲಿ ಓಡಾಡಬೇಕು. ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರ್, ಅದರ ಹಿಂದಿನ ಸೆಕೆಂಡ್ ಲೈನ್ ಬೀಚ್ ರಸ್ತೆ, ಆಚೆಗೆ ವ್ಯಾಸರಪಾಡಿ, ಪೆರಂಬೂರು ಕಡೆಗಳಲ್ಲೆಲ್ಲ ಕೇಸರಿ ಬಣ್ಣದ ನೂಡಲ್ಸ್ ರಾಶಿ ಹಾಕಿಕೊಂಡ ಅಂಗಡಿಗಳು ಕಾಣುತ್ತವೆ. ಬೋರ್ಡಿನ ಮೇಲೆ ‘ಬರ್ಮಾ ಅತ್ತೋ’ ಎಂದು ಬರೆದಿರುತ್ತದೆ. ಬರ್ಮೀ ಭಾಷೆಯಲ್ಲಿ ಕೈಯಲ್ಲಿ ಕಲಸಿದ ತಿನಿಸಿಗೆ ಇರುವ ಹೆಸರೇ ತಮಿಳರ ಬಾಯಲ್ಲಿ ಅತ್ತೋ ಆಗಿದೆ.

ಮಾಡುವುದೂ ಹಾಗೆಯೇ. ಬಟ್ಟಲಿಗೆ ಒಂದು ಹಿಡಿ ಬೇಯಿಸಿದ ನೂಡಲ್ಸ್, ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸು, ಹುರಿದ ಈರುಳ್ಳಿ, ಬೆಳ್ಳುಳ್ಳಿ ಎಣ್ಣೆ, ಹುಣಸೆ ರಸ, ಮೆಣಸಿನಕಾಯಿ ತರಿ, ಉಪ್ಪು. ಮೇಲೆ ನಮ್ಮ ನಿಪ್ಪಟ್ಟಿನಂಥ ‘ಬೇಜೋ’ ಪುಡಿ ಮಾಡಿ ಹಾಕಿ, ಕೈಯಲ್ಲೇ ಸರಸರ ಕಲಸಿ ಕೊಡುತ್ತಾರೆ. ಜೊತೆಗೆ ಬಾಳೆದಿಂಡಿನ ಬಿಸಿ ಸೂಪು. ಮೊಟ್ಟೆ ತಿನ್ನುವವರಿಗೆ, ಬೇಯಿಸಿದ ಮೊಟ್ಟೆಯನ್ನು ಸೀಳಿ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ ರಸ ತುಂಬಿದ ಮಸಾಲೆ ಮೊಟ್ಟೆ ಇರುತ್ತದೆ. ಹುಳಿ, ಖಾರ, ಗರಿಗರಿ ಮೂರೂ ಒಂದೇ ತುತ್ತಿನಲ್ಲಿ ಸಿಗುತ್ತವೆ. ನಮ್ಮ ಚುರುಮುರಿಗೆ ದೂರದ ನೆಂಟ ಎನ್ನಬಹುದು.

ಪೆರಂಬೂರಿನ ನಮ್ಮ ಬೀದಿಯ ಕೊನೆಯಲ್ಲೂ ಇಂಥದೊಂದು ಹೋಟೆಲ್ ಇದೆ. ನಾಲ್ಕು ಟೇಬಲ್, ಒಂದು ಫ್ಯಾನ್, ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ವ್ಯಾಪಾರ. 2006ರಲ್ಲಿ ನಾವು ಇಲ್ಲಿ ಫ್ಲಾಟ್ ಕೊಂಡಾಗಿನಿಂದ ಶನಿವಾರದ ರಾತ್ರಿ ಊಟ ಬಹುಪಾಲು ಅಲ್ಲೇ. ಊರು ಅರಸೀಕೆರೆ ಎಂದು ಎಷ್ಟು ಸಲ ಹೇಳಿದರೂ ಅವರ ಪಾಲಿಗೆ ನಾನು ‘ಬೆಂಗಳೂರು ಸಾರ್’. ಕರ್ನಾಟಕದಿಂದ ಬಂದವರೆಲ್ಲ ಚೆನ್ನೈಯವರಿಗೆ ಬೆಂಗಳೂರಿನವರೇ ತಾನೆ!

ಈಗ ಆ ಫ್ಲಾಟನ್ನು ಮಾರುತ್ತಿದ್ದೇವೆ. ಬಂದರಿನ ಹತ್ತಿರದ ಸರಕು ಸಾಗಣೆ ಕಚೇರಿಯೊಂದರಲ್ಲಿ ಲೆಕ್ಕ ನೋಡುವ ನನ್ನ ಕೆಲಸ ಮುಗಿಯುತ್ತ ಬಂದಿದೆ. ಊರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಕಳೆದ ವರ್ಷ ಜಾರಿ ಬಿದ್ದ ಮೇಲೆ ಕೋಲು ಹಿಡಿದು ನಡೆಯುತ್ತಾರೆ. ಎರಡು ಸಲ ಇಲ್ಲಿಗೆ ಕರೆತಂದೆವು. ಸೆಕೆ ತಾಳಲಾರದೆ, ಮಾತಿಗೆ ಜನರಿಲ್ಲದೆ ಎರಡು ಸಲವೂ ತಿಂಗಳು ತುಂಬುವ ಮೊದಲೇ ಹೊರಟರು. ಹಾಗಾಗಿ ನಾವೇ ಹೋಗುವುದೆಂದು ತೀರ್ಮಾನವಾಯಿತು. ನನಗಿದು ಊರಿಗೆ ಮರಳುವ ಮಾತು. ಹತ್ತೊಂಬತ್ತು ವರ್ಷ ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿದ ನನ್ನ ಹೆಂಡತಿಗೆ ಇದು ಊರು ಬಿಡುವ ಮಾತು. ಅವಳು ಬೇಡವೆನ್ನಲಿಲ್ಲ. ಆದರೆ ಮನೆ ನೋಡಲು ಯಾರಾದರೂ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ನೋಟ್ ಪುಸ್ತಕ ತಿದ್ದುತ್ತ ಕೂರುತ್ತಿದ್ದಳು.

ಕಾಗದ ಮೊದಲು, ಬಣ್ಣ ಆಮೇಲೆ

ಹೊರರಾಜ್ಯದಲ್ಲಿ ಮನೆ ಮಾಡಿಕೊಂಡಿರುವ ಓದುಗರಿಗೆ ಉಪಯೋಗವಾದೀತೆಂದು ಕಾಗದಪತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಖಾತೆ. ತಮಿಳುನಾಡಿನಲ್ಲಿ ಕೇಳುವುದು ಪಟ್ಟಾ. ಆದರೆ ಪಟ್ಟಾ ಇರುವುದು ಭೂಮಿಗೆ. ಅಪಾರ್ಟ್‌ಮೆಂಟಿನಲ್ಲಿ ನಮ್ಮದೇನಿದ್ದರೂ ಆ ಭೂಮಿಯಲ್ಲಿ ಅವಿಭಜಿತ ಪಾಲು. ಇಲ್ಲಿನವರು ಅದನ್ನು ‘ಯುಡಿಎಸ್’ ಎನ್ನುತ್ತಾರೆ. ನಾವು ಕೊಂಡ ಕಾಲದಲ್ಲಿ ಕ್ರಯಪತ್ರ ನೋಂದಣಿಯಾಗುತ್ತಿದ್ದುದು ಈ ಪಾಲಿಗೆ ಮಾತ್ರ. ಕಟ್ಟಡಕ್ಕೆ ಬಿಲ್ಡರ್ ಜೊತೆ ಬೇರೆಯೇ ಒಪ್ಪಂದ. ಆದ್ದರಿಂದ ಹಳೆಯ ಫ್ಲಾಟ್ ಮಾರುವವರು ಎರಡನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು. ಕಟ್ಟಡ ಹಳತಾದಷ್ಟೂ ಕೊಳ್ಳುವವರ ಕಣ್ಣು ಗೋಡೆಯ ಮೇಲಿರುವುದಿಲ್ಲ, ಯುಡಿಎಸ್ ಎಷ್ಟು ಚದರ ಅಡಿ ಎನ್ನುವುದರ ಮೇಲಿರುತ್ತದೆ.

ಇನ್ನೊಂದು, ಗೃಹಸಾಲ. ಕೊನೆಯ ಕಂತು ಕಟ್ಟಿದ ದಿನ ಸಾಲ ತೀರುತ್ತದೆ, ದಾಖಲೆಯಲ್ಲಿ ತೀರುವುದಿಲ್ಲ. ಸಾಲ ಕೊಡುವಾಗ ಬ್ಯಾಂಕು ಮೂಲಪತ್ರ ಒತ್ತೆ ಇಟ್ಟುಕೊಂಡಿದ್ದನ್ನು ಉಪನೋಂದಣಿ ಕಚೇರಿಯಲ್ಲಿ ದಾಖಲಿಸಿದ್ದರೆ, ಅದು ರದ್ದಾಯಿತೆಂಬ ರಸೀದಿಯನ್ನೂ ಅಲ್ಲೇ ನೋಂದಾಯಿಸಬೇಕು. ಇಲ್ಲದಿದ್ದರೆ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆದಾಗಲೆಲ್ಲ ಹಳೆಯ ಸಾಲ ಎದ್ದು ಬರುತ್ತದೆ. ಮೂಲಪತ್ರ ಕೊಡಲು ನಮ್ಮ ಬ್ಯಾಂಕು ‘ನಾಳೆ ಬನ್ನಿ’ ಎಂದು ಓಡಾಡಿಸಿತು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರ ಹಿಂತಿರುಗಿಸಬೇಕು, ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ, ಆ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಆ ಆದೇಶದ ಪ್ರತಿಯನ್ನು ಮೇಜಿನ ಮೇಲಿಟ್ಟ ಮೇಲೆ ನಾಲ್ಕೇ ದಿನದಲ್ಲಿ ಕವರ್ ಕೈಗೆ ಬಂತು.

ಆಸ್ತಿ ತೆರಿಗೆ, ಮೆಟ್ರೊ ವಾಟರ್ ತೆರಿಗೆ, ವಿದ್ಯುತ್ ಬಿಲ್ಲು ಎಲ್ಲದರ ಕೊನೆಯ ರಸೀದಿ, ಸಂಘದಿಂದ ಬಾಕಿಯಿಲ್ಲವೆಂಬ ಪತ್ರ, ಇಷ್ಟನ್ನು ಒಂದು ಫೈಲಿಗೆ ಹಾಕಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ, ಗಾಬರಿಯಾಗಬೇಡಿ. ಲಾಭದ ಮೇಲಿನ ತೆರಿಗೆಯನ್ನು, ಆಸ್ತಿ 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾಗಿದ್ದರೆ, ಎರಡು ಬಗೆಯಲ್ಲಿ ಲೆಕ್ಕ ಹಾಕಿ ನೋಡಬಹುದು: ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ 20, ಹೊಂದಾಣಿಕೆಯಿಲ್ಲದೆ ಶೇ 12.5. ಯಾವುದು ಕಡಿಮೆಯೋ ಅದು ನಿಮ್ಮದು. ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು, ಅಥವಾ ಮೂರು ವರ್ಷದೊಳಗೆ ಕಟ್ಟಲು ಬಳಸಿದರೆ ವಿನಾಯಿತಿಯೂ ಉಂಟು. ಊರಿನ ಹಳೆಯ ಹಂಚಿನ ಮನೆಯನ್ನು ಕೆಡವಿ ಕಟ್ಟುವ ಆಲೋಚನೆ ಇದ್ದವರು ಮಾರುವ ಮೊದಲೇ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣುವುದು ಒಳ್ಳೆಯದು.

ಬಣ್ಣ ಹೊಡೆಸುವ ಸರದಿ ಆಮೇಲೆ ಬಂತು. ಸಮುದ್ರದ ಗಾಳಿಗೆ ತುಕ್ಕು ಹಿಡಿದ ಬಾಲ್ಕನಿಯ ಗ್ರಿಲ್ ಉಜ್ಜಿಸಿದೆವು. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ನಲ್ಲಿಗಳನ್ನು ಬದಲಿಸಿದೆವು. ಬಚ್ಚಲ ಗೋಡೆಯ ತೇವಕ್ಕೆ ಮೇಲೆ ಪುಟ್ಟಿ ಬಳಿದು ಮುಚ್ಚುವ ಬದಲು ಪೈಪನ್ನೇ ಸರಿಮಾಡಿಸಿದೆವು. ಬ್ರೋಕರ್ ಬಂದು ನೋಡಿ, “ಚೆನ್ನಾಗಿದೆ ಸಾರ್. ದೇವರ ಫೋಟೊ ಬಿಟ್ಟು ಉಳಿದ ಫೋಟೊ ಎಲ್ಲ ತೆಗೆದುಬಿಡಿ. ನೋಡುವವರಿಗೆ ಇದು ನಿಮ್ಮ ಮನೆ ಅನ್ನಿಸಬಾರದು” ಎಂದರು.

ಅಟ್ಟದ ಮೇಲಿನ ಬಿಂದಿಗೆಗಳು

ಫೋಟೊ ಇಳಿಸಿದ್ದಾಯಿತು. ತಕರಾರು ಬಂದಿದ್ದು ಅಡುಗೆಮನೆಯ ಲಾಫ್ಟಿನ ಮೇಲಿದ್ದ ಹನ್ನೊಂದು ಪ್ಲಾಸ್ಟಿಕ್ ಬಿಂದಿಗೆಗಳ ವಿಷಯಕ್ಕೆ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಒಣಗಿ, ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡಿದ್ದು ನೆನಪಿರಬಹುದು. ಆಗ ಕೊಂಡ ಬಿಂದಿಗೆಗಳವು. “ಮೊದಲು ಇವನ್ನು ಎಸೆಯಿರಿ. ಕಂಡ ತಕ್ಷಣ ನೀರಿನ ತೊಂದರೆ ಅಂತ ಗೊತ್ತಾಗುತ್ತೆ” ಎನ್ನುವುದು ಬ್ರೋಕರ್ ಮಾತು. “ಇರಲಿ ಬಿಡಿ” ಎನ್ನುವುದು ಮನೆಯಾಕೆಯ ಮಾತು. ಕಾರಣ ಕೇಳಿದರೆ ಹೇಳಲಿಲ್ಲ. ಬಿಂದಿಗೆಗಳು ಅಲ್ಲೇ ಉಳಿದವು.

ಚೆನ್ನೈಯಲ್ಲಿ ಮನೆ ನೋಡಲು ಬರುವವರು ವಾಸ್ತುವಿಗಿಂತ ಮೊದಲು ಕೇಳುವ ಪ್ರಶ್ನೆ ಒಂದಿದೆ: “2015ರಲ್ಲಿ ನೀರು ಬಂದಿತ್ತಾ?” ಈಗ ಅದಕ್ಕೆ ಇನ್ನೊಂದು ಸೇರಿದೆ: “ಮಿಚಾಂಗ್‌ಗೆ?” 2023ರ ಡಿಸೆಂಬರ್ ಮೊದಲ ವಾರದ ಆ ಚಂಡಮಾರುತದ ಮಳೆಗೆ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಮ್ಮದು ಮೊದಲನೇ ಮಹಡಿ, ಮನೆಯೊಳಗೆ ಬರಲಿಲ್ಲ. ಆದರೆ ಕೆಳಗೆ ನಿಲ್ಲಿಸಿದ್ದ ಸ್ಕೂಟರುಗಳು ಮುಳುಗಿದವು, ಮೂರು ದಿನ ಕರೆಂಟಿರಲಿಲ್ಲ. ಬ್ರೋಕರ್ ಬಳಿ ಇದಕ್ಕೆ ಸಿದ್ಧ ಉತ್ತರವಿತ್ತು: “ಈ ಬೀದಿ ಎತ್ತರದಲ್ಲಿದೆ.”

ರಂಗೂನಿನ ಮನೆ

ಆ ಶನಿವಾರ ಅತ್ತೋ ತಿನ್ನಲು ಹೋದಾಗ, ಹೋಟೆಲಿನವರ ತಾಯಿ ಎಂದಿನಂತೆ ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ಎಪ್ಪತ್ತರ ಹತ್ತಿರದವರು. ರಂಗೂನಿನಲ್ಲಿ ಹುಟ್ಟಿದವರು.

ಬರ್ಮಾದ ತಮಿಳರ ಕಥೆ ದೊಡ್ಡದು. ಬ್ರಿಟಿಷರ ಕಾಲದಲ್ಲಿ ಲೇವಾದೇವಿಗೆ ಹೋದ ಚೆಟ್ಟಿಯಾರರು, ಬಂದರಿನಲ್ಲಿ ಮೂಟೆ ಹೊರಲು, ಗದ್ದೆಯಲ್ಲಿ ದುಡಿಯಲು ಹೋದ ಬಡವರು, ಅಂಗಡಿ ಇಟ್ಟವರು, ಗುಮಾಸ್ತರು. 1942ರಲ್ಲಿ ಜಪಾನಿ ಸೇನೆ ಬಂದಾಗ ಸಾವಿರಾರು ಜನ ಕಾಡುದಾರಿಯಲ್ಲಿ ನಡೆದೇ ಭಾರತ ಸೇರಿದರು. ಉಳಿದವರ ಮೇಲೆ ಎರಡನೇ ಪೆಟ್ಟು ಬಿದ್ದದ್ದು 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ ಮೇಲೆ. 1964ರಲ್ಲಿ ಅಂಗಡಿಗಳು ಸರ್ಕಾರದ ಪಾಲಾದವು. ಅದೇ ವರ್ಷ 50 ಮತ್ತು 100 ಚಾಟ್‌ಗಳ ನೋಟು ರದ್ದಾದವು. ಹಣವೂ ಇಲ್ಲ, ವ್ಯಾಪಾರವೂ ಇಲ್ಲ. ಹಡಗು ಹತ್ತಿ ಮದ್ರಾಸಿಗೆ ಬಂದವರು ಒಡವೆ, ನಗದು ತರುವುದಕ್ಕೂ ಮಿತಿಯಿತ್ತು. ಹೀಗೆ ಬಂದವರಿಗೆ ಬದುಕಲು ದಾರಿಯಾಗಲೆಂದು ಸರ್ಕಾರ ಜಾಗ ಕೊಟ್ಟಲ್ಲಿ ಎದ್ದದ್ದೇ ಬರ್ಮಾ ಬಜಾರ್. ಅವರ ನಾಲಿಗೆಯ ಮೇಲೆ ಬಂದದ್ದು ಅತ್ತೋ.

ಮನೆ ಮಾರುತ್ತಿರುವ ಸುದ್ದಿ ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. “ಕಾಗದ ಎಲ್ಲ ಸರಿ ಇದೆಯಾ?” ಎಂದು ಕೇಳಿದರು. ಇದೆ ಎಂದೆ. “ಪುಣ್ಯವಂತರು” ಎಂದರು.

“ನಿಮ್ಮ ಮನೆ ಏನಾಯಿತಮ್ಮ?” ನನ್ನ ಹೆಂಡತಿ ಕೇಳಿದಳು.

ಅವರಿಗೆ ಆಗ ಒಂಬತ್ತು ವರ್ಷವಂತೆ. ಮರದ ಮನೆ. ಕೊಳ್ಳುವವರು ಯಾರೂ ಇರಲಿಲ್ಲ, ಕೊಂಡರೂ ಆ ಹಣವನ್ನು ತರುವಂತಿರಲಿಲ್ಲ. ಹೊರಡುವ ದಿನ ಬೆಳಗ್ಗೆ ಅವರ ತಾಯಿ ಬೇಗ ಎದ್ದು ಮನೆಯೆಲ್ಲ ಗುಡಿಸಿದರು, ಒಲೆಯ ಬೂದಿ ತೆಗೆದರು. ಕೊನೆಗೆ ಬಾವಿಯಿಂದ ಸೇದಿ ಮಣ್ಣಿನ ಹಂಡೆಗೆ ನೀರು ತುಂಬಿಸಿ ತಟ್ಟೆ ಮುಚ್ಚಿದರು. ಹಡಗಿಗೆ ಹೊತ್ತಾಯಿತೆಂದು ತಂದೆ ರೇಗಿದರಂತೆ, ಬಿಟ್ಟು ಹೋಗುವ ಮನೆಗೆ ನೀರು ಯಾಕೆ ಎಂದು.

“ಅಮ್ಮ ಏನಂದರು?”

“ಯಾರೋ ಬರುತ್ತಾರಲ್ಲ, ಬಂದವರಿಗೆ ಬಾಯಾರಿರುತ್ತೆ ಅಂದರು.” ಇಷ್ಟು ಹೇಳಿ ಆಕೆ ಬೆಳ್ಳುಳ್ಳಿಯ ಮೊರ ಕೊಡವಿ ಒಳಗೆ ಹೋದರು.

ಮನೆಗೆ ಬರುವ ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಕ್ರಯಪತ್ರದಲ್ಲಿ ಇಲ್ಲದ್ದು

ಮರುದಿನ ಭಾನುವಾರ ಯುವ ದಂಪತಿ ಮನೆ ನೋಡಲು ಬಂದರು. ಹುಡುಗಿ ಗರ್ಭಿಣಿ. ಎಂದಿನ ಪ್ರಶ್ನೆ ಬಂತು. ಬ್ರೋಕರ್ ಬಾಯಿ ತೆರೆಯುವಷ್ಟರಲ್ಲಿ ಕೋಣೆಯ ಬಾಗಿಲು ತೆಗೆದುಕೊಂಡು ಇವಳು ಹೊರಗೆ ಬಂದಳು. “ಮಿಚಾಂಗ್‌ಗೆ ಬೀದಿಯಲ್ಲಿ ನೀರು ನಿಂತಿತ್ತಮ್ಮ. ಮನೆಗೆ ಬರಲಿಲ್ಲ. ಮೂರು ದಿನ ಕರೆಂಟಿರಲಿಲ್ಲ. ನಿನಗೆ ಡಿಸೆಂಬರಿನಲ್ಲಿ ಹೆರಿಗೆಯಾದರೆ ಅಷ್ಟರಲ್ಲಿ ತಾಯಿಮನೆಗೆ ಹೋಗಿರು” ಎಂದಳು. ಅವರು ಕಾಫಿ ಕುಡಿದು ಹೋದರು. ಮತ್ತೆ ಫೋನ್ ಬರಲಿಲ್ಲ. ಬ್ರೋಕರ್ ಒಂದು ವಾರ ಮುನಿಸಿಕೊಂಡಿದ್ದರು.

ಆದರೆ ಅಂದಿನಿಂದ ಮನೆ ತೋರಿಸುವ ಕೆಲಸ ಅವಳದಾಯಿತು. ಗಾಳಿ ಯಾವ ಕಿಟಕಿಯಿಂದ ಬರುತ್ತದೆ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಮೆಟ್ರೊ ವಾಟರ್ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಹೇಳುತ್ತಿದ್ದಳು. ಮೂರನೆಯದಾಗಿ ಬಂದ ಕುಟುಂಬದ ಅಜ್ಜಿ ಲಾಫ್ಟಿನ ಬಿಂದಿಗೆಗಳನ್ನು ನೋಡಿ ನಕ್ಕರು. “ನಮ್ಮ ಮನೆಯಲ್ಲೂ ಇವೆ, ಹದಿನಾಲ್ಕು” ಎಂದರು. ಬೆಲೆಯಲ್ಲಿ ಎರಡು ಲಕ್ಷ ಇಳಿಸಲು ಕೇಳಿದರು, ಇಳಿಸಿದೆವು. ಕಳೆದ ವಾರ ಒಪ್ಪಂದಕ್ಕೆ ಸಹಿ ಬಿದ್ದಿದೆ. ಸುಳ್ಳು ಹೇಳಿದ್ದರೆ ಆ ಎರಡು ಲಕ್ಷ ಉಳಿಯುತ್ತಿತ್ತೇನೋ. ಲೆಕ್ಕ ನೋಡುವವನಾಗಿ ನಾನು ಅದನ್ನು ನಷ್ಟದ ಕಡೆ ಬರೆದಿಲ್ಲ. ಇಳಿಸಿದ ಹಣಕ್ಕೆ ಬದಲಾಗಿ ಹೆಂಡತಿ ಕೋಣೆಯಿಂದ ಹೊರಬಂದಿದ್ದಾಳೆ. ಅಮ್ಮನ ಬಳಿಗೆ ಅವಳು ಮನಸ್ಸು ಮುರಿದುಕೊಂಡು ಬರುತ್ತಿಲ್ಲ ಎನ್ನುವುದು ನನಗೆ ಆ ಹಣಕ್ಕಿಂತ ದೊಡ್ಡದು.

ಪರಊರಿನಲ್ಲಿ ನಾವು ಮನೆ ಕೊಳ್ಳುವಾಗ ಬೇರೂರಿದೆವು ಎಂದು ಹಿಗ್ಗುತ್ತೇವೆ, ಮಾರುವಾಗ ಕಿತ್ತುಕೊಂಡು ಹೊರಟೆವು ಎಂದು ಕುಗ್ಗುತ್ತೇವೆ. ನಡುವಿನ ಇಷ್ಟು ವರ್ಷ ಆ ಊರು ನಮಗೆ ಅನ್ನ, ನೀರು, ನೆರೆಹೊರೆ ಕೊಟ್ಟಿರುತ್ತದೆ. ನಮ್ಮ ನಂತರ ಬರುವವರಿಗೆ ನಿಜ ಹೇಳಿ ಹೋಗುವುದು ಆ ಋಣದ ಒಂದು ಸಣ್ಣ ಕಂತು. ಅದಕ್ಕೆ ಯಾವ ಉಪನೋಂದಣಿ ಕಚೇರಿಯೂ ರಸೀದಿ ಕೊಡುವುದಿಲ್ಲ.

ನೀವು ಮನೆ ಮಾರುವವರಾದರೆ ಫೈಲಿನ ಕೊನೆಯಲ್ಲಿ ಒಂದು ಹಾಳೆ ಸೇರಿಸಿ. ನಮ್ಮದನ್ನು ಅವಳೇ ತಮಿಳಿನಲ್ಲಿ ಬರೆದಿದ್ದಾಳೆ. ಯಾವ ನಲ್ಲಿಯಲ್ಲಿ ಸಿಹಿನೀರು, ಜೋರು ಮಳೆ ಬಂದರೆ ಸ್ಕೂಟರ್ ಎಲ್ಲಿಗೆ ಒಯ್ದು ನಿಲ್ಲಿಸಬೇಕು, ಕರೆದರೆ ಬರುವ ಪ್ಲಂಬರ್ ಯಾರು, ಬಿಂದಿಗೆಗಳು ಎಲ್ಲಿವೆ ಎಂಬುದೆಲ್ಲ ಅದರಲ್ಲಿದೆ. ಕೊನೆಯ ಸಾಲು ಹೀಗಿದೆ: ‘ಬೀದಿ ಕೊನೆಯಲ್ಲಿ ಅತ್ತೋ ಹೋಟೆಲ್. ಶನಿವಾರ ಎಂಟರೊಳಗೆ ಹೋಗಿ, ಆಮೇಲೆ ಬಾಳೆದಿಂಡಿನ ಸೂಪು ಮುಗಿದಿರುತ್ತದೆ.’