ಕುರುಕ್ಷೇತ್ರದ ಹಿಂದೆ ಕ್ಯಾಮೆರಾ

ಸಿ.ಎಸ್. ಪುರ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ. ಇದೂ ಸೇರಿದ ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯಲ್ಲಿ ಜಾತ್ರೆ ಬಂತೆಂದರೆ ಪೌರಾಣಿಕ ನಾಟಕದ ಮಾತು ಬರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಕಂದ, ವೃತ್ತಗಳ ಮಟ್ಟು ಕಲಿಸುತ್ತಾರೆ. ಸೀನರಿ, ಕಿರೀಟ, ಗದೆ ಬಾಡಿಗೆಗೆ ಬರುತ್ತವೆ. ದುರ್ಯೋಧನನ ಪಾರ್ಟಿಗೆ ಇಷ್ಟು, ಸೈಂಧವನಿಗೆ ಇಷ್ಟು ಎಂದು ದುಡ್ಡು ಹಾಕುವವರು ಬಣ್ಣ ಹಚ್ಚುವವರೇ. ಸಂಬಳ ಪಡೆಯದೆ, ಕೈಯಿಂದ ಕೊಟ್ಟು ಆಡುವ ಈ ರಂಗಭೂಮಿಗಿಂತ ಒಳ್ಳೆಯ ವಸ್ತು ಸಾಕ್ಷ್ಯಚಿತ್ರಕ್ಕೆ ಇನ್ನೇನು ಬೇಕು?

ಇದರ ಬೇರು ಹತ್ತಿರದಲ್ಲೇ ಇದೆ. ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕೈಗೆ ಬಂದ ಮೇಲೆ ನಾಡೆಲ್ಲ ತಿರುಗಿತು. ತುಮಕೂರು ಬಳಿಯ ಬೆಳ್ಳಾವೆಯ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಯಿತು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳೇ ರಂಗಕ್ಕೆ ಬಂದವು. ವೀರಣ್ಣ ಸಿನಿಮಾಕ್ಕೂ ಕೈ ಹಾಕಿದರು. 1932ರ ‘ಹರಿಮಾಯ’ ಅವರ ಮೂಕಿಚಿತ್ರ. ಆದರೆ ಆ ಕಾಲದ ಭಾರತದ ಮೂಕಿಚಿತ್ರಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಮಾತ್ರ. ರಂಗದ ಮೇಲಿನ ಆನೆಯ ಗತ್ತನ್ನಂತೂ ನೋಡಿದವರ ಬಾಯಿಂದಲೇ ಕೇಳಬೇಕು.

ನಮ್ಮಲ್ಲಿ ಕಲಾವಿದರ ಮೇಲೆ ಚಿತ್ರಗಳೇ ಬಂದಿಲ್ಲ ಎಂದಲ್ಲ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರನ್ನು ಚಿತ್ರಿಸಿದರು. ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರ ಬಗ್ಗೆ ಪಿ.ಎನ್. ರಾಮಚಂದ್ರರ ‘ಬಾಬಾ’ 2012ರಲ್ಲಿ ಬಂತು. ಎರಡಕ್ಕೂ ಬೆನ್ನಿಗಿದ್ದದ್ದು ಫಿಲ್ಮ್ಸ್ ಡಿವಿಷನ್. ದೊಡ್ಡವರ ಚಿತ್ರ ಆಗಬೇಕಾದದ್ದೇ. ಪರದೆ ಬರೆದವನು, ಪರದೆ ಎಳೆದವನು, ಊರೂರಿಗೆ ಮಟ್ಟು ಹಂಚಿದ ಮೇಷ್ಟ್ರು ಮಾತ್ರ ಆ ಹೆಸರುಗಳ ನೆರಳಲ್ಲೇ ಉಳಿದುಬಿಡುತ್ತಾರೆ ಎಂಬುದು ನನ್ನ ತಕರಾರು.

ಅವರನ್ನು ಹಿಡಿಯುವುದಕ್ಕೆ ನಾಟಕದ ರಾತ್ರಿಗಿಂತ ಪ್ರಾಕ್ಟೀಸಿನ ಸಂಜೆಗಳೇ ಮೇಲು. ನಾಟಕದ ದಿನ ಧ್ವನಿವರ್ಧಕದ ಅಬ್ಬರದಲ್ಲಿ ಹಾರ್ಮೋನಿಯಂ ಯಾವುದು, ಶಿಳ್ಳೆ ಯಾವುದು ತಿಳಿಯದು. ಪ್ರಾಕ್ಟೀಸಿನಲ್ಲಾದರೆ ಮೇಷ್ಟ್ರು ತಡೆದು, ಗದರಿ, ತಾವೇ ಹಾಡಿ ತೋರಿಸುತ್ತಾರೆ. ಒಂದು ಮಟ್ಟು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆಂಬುದು ಅಲ್ಲೇ ಕಾಣುವುದು. ಒಳ್ಳೆಯ ಮೈಕು, ಬೇಗ ಎದ್ದುಹೋಗದ ತಾಳ್ಮೆ ಇದ್ದರೆ ಮೊಬೈಲಿನಲ್ಲೂ ಶುರುಮಾಡಬಹುದು. ನಡುವೆ ನಿರೂಪಕರ ಗಂಭೀರ ಕಂಠ ತುರುಕದಿದ್ದರೆ ಇನ್ನೂ ಒಳ್ಳೆಯದು. ಖರ್ಚಿನ ಲೆಕ್ಕದ ಪುಸ್ತಕವನ್ನೂ ಮರೆಯದೆ ಚಿತ್ರಿಸಿ: ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಶಾಮಿಯಾನ, ಕೊನೆಗೆ ಯಾರ ಪಾರ್ಟಿನ ದುಡ್ಡು ಬಾಕಿ ಎಂಬುದರವರೆಗೆ ಎಲ್ಲ ಅದರಲ್ಲಿರುತ್ತದೆ. ಮುಗಿದ ಚಿತ್ರವನ್ನು ಚಿತ್ರೋತ್ಸವಕ್ಕೆ ಕಳಿಸುವ ಮುಂಚೆ ಅದೇ ಊರಲ್ಲಿ ತೋರಿಸಬೇಕು. ಶ್ರುತಿ ತಪ್ಪಿದ್ದೆಲ್ಲಿ ಎಂದು ಹೇಳುವವರು ಅಲ್ಲೇ ಇದ್ದಾರೆ.