ಬಿಯರ್ ಸೀಸೆ ಸಿಡಿಯುವುದೇಕೆ?

ಬ್ರಿಟನ್ನಿನಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಲು 1963ರಿಂದ ಪರವಾನಗಿ ಬೇಕಿಲ್ಲ. ಅಲ್ಲಿ ಈ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಮೊದಲು ಕಲಿಯಬೇಕಾದುದು ಹೈಡ್ರೋಮೀಟರಿನ ಬಳಕೆ. ಮಾಲ್ಟಿನ ಸಿಹಿರಸದ ಸಾಪೇಕ್ಷ ಸಾಂದ್ರತೆ 1.048 ಇದೆ ಎನ್ನೋಣ. ಯೀಸ್ಟ್ ಅದರಲ್ಲಿನ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಅನಿಲ ಹೊರಹೋಗುತ್ತದೆ, ಆಲ್ಕೊಹಾಲ್ ನೀರಿಗಿಂತ ಹಗುರ. ಹೀಗಾಗಿ ಸಾಂದ್ರತೆ 1.010ರ ಆಸುಪಾಸಿಗೆ ಇಳಿದು, ಹೈಡ್ರೋಮೀಟರ್ ಇನ್ನಷ್ಟು ಮುಳುಗುತ್ತದೆ. ವ್ಯತ್ಯಾಸ 0.038ನ್ನು 131ರಿಂದ ಗುಣಿಸಿ: ಗಾತ್ರದಲ್ಲಿ ಸುಮಾರು ಶೇ. 5 ಆಲ್ಕೊಹಾಲ್.

ಗುಳ್ಳೆ ನಿಂತಿತೆಂದು ಅವಸರದಿಂದ ಸೀಸೆಗೆ ತುಂಬಿದರೆ, ಉಳಿದ ಸಕ್ಕರೆ ಅಲ್ಲೇ ಹುದುಗುತ್ತದೆ. 1 ಗ್ರಾಂ ಸಕ್ಕರೆಯಿಂದ ಹೊಮ್ಮುವ ಅನಿಲ ಸುಮಾರು ಕಾಲು ಲೀಟರ್! ಒತ್ತಡ ತಾಳದೆ ಗಾಜು ಸಿಡಿಯಬಹುದು. ಆದ್ದರಿಂದ ಸಾಂದ್ರತೆ ನಿರೀಕ್ಷಿತ ಮಟ್ಟಕ್ಕೆ ಇಳಿದು, ಒಂದೇ ಉಷ್ಣತೆಯಲ್ಲಿ ಸತತ ಮೂರು ದಿನ ಬದಲಾಗದಿದ್ದರೆ ಮಾತ್ರ ತುಂಬಬೇಕು.

ತರಗತಿಯಲ್ಲಿ ಇದೇ ತತ್ತ್ವವನ್ನು ಸಕ್ಕರೆ ನೀರಿನಲ್ಲಿ ಹೈಡ್ರೋಮೀಟರ್ ತೇಲಿಸಿ ತೋರಿಸಿ.